ಬೀರುವಿನ ಬೀಗ ತೆಗೆಸಿದ ಮೇಷ್ಟ್ರು

ಚನ್ನಪಟ್ಟಣದ ನಮ್ಮ ಬೀದಿಯ ಯುವಕ ಸಂಘದಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರೊಳಗೆ ಸುಮಾರು 200 ಪುಸ್ತಕಗಳು. ಹೆಚ್ಚಿನವು ಸ್ಪರ್ಧಾತ್ಮಕ ಪರೀಕ್ಷೆಯವು, ಜತೆಗೆ ಒಂದಷ್ಟು ಕಾದಂಬರಿ. ಎರಡು ವರ್ಷದ ಹಿಂದೆ ನಾಲ್ಕು ಪುಸ್ತಕ ಕಾಣೆಯಾದವು. ಬೀಗ ಹಾಕಿ ಕೀ ನನ್ನ ಕೈಗೆ ಕೊಟ್ಟರು. ನಾನು ಬಿ.ಇ. ಓದಲು ದಿನಾ ಬಸ್ಸಿನಲ್ಲಿ ಬೆಂಗಳೂರಿನ ಕಡೆ ಹೋಗಿ ಬರುವವನು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಸಂಜೆ ಏಳರ ಮೇಲೇ ವಾಪಸ್. ಕೀ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. ಅಂದಿನಿಂದ ಒಂದು ಪುಸ್ತಕವೂ ಕಳೆದಿಲ್ಲ ಎಂದು ಹೆಮ್ಮೆಪಡುತ್ತಿದ್ದೆ. ಅಂದಿನಿಂದ ಒಂದು ಪುಸ್ತಕವನ್ನೂ ಯಾರೂ ಓದಿಲ್ಲ ಎಂಬುದು ನನ್ನ ತಲೆಗೆ ಹೋಗಲು ಒಬ್ಬ ಗಣಿತದ ಮೇಷ್ಟ್ರ ಜೀವನ ಓದಬೇಕಾಯಿತು.

ಕಳೆದ ಸೆಮಿಸ್ಟರ್‌ನಲ್ಲಿ ನನಗೆ ಸಿಕ್ಕ ಸೆಮಿನಾರ್ ವಿಷಯ, ಕಡತ ಮತ್ತು ಪುಸ್ತಕ ಜೋಡಿಸಿಡುವ ಪೀಠೋಪಕರಣ ಹೇಗೆ ಬೆಳೆದು ಬಂತು ಎಂಬುದು. ಬೀರು, ಡ್ರಾಯರ್, ರ‍್ಯಾಕಿನಲ್ಲಿ ಓದುವುದಕ್ಕೆ ಏನಿರುತ್ತದೆ ಎಂದು ಗೊಣಗಿಕೊಂಡೇ ಶುರು ಮಾಡಿದೆ. ಆದರೆ ಕಥೆ ಚೆನ್ನಾಗಿತ್ತು. ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬ ಗ್ರಂಥಪಾಲಕ 1876ರಲ್ಲಿ ಪುಸ್ತಕಗಳಿಗೆ ಅಂಕಿ ಕೊಡುವ ದಶಮಾಂಶ ಪದ್ಧತಿ ತಂದ. ಅವನು ಹುಟ್ಟುಹಾಕಿದ ಲೈಬ್ರರಿ ಬ್ಯೂರೋ ಕಂಪನಿ 5 ಇಂಚು ಅಗಲ, 3 ಇಂಚು ಎತ್ತರದ ಕಾರ್ಡುಗಳನ್ನೂ ಅವು ಕೂರುವ ಡ್ರಾಯರುಗಳನ್ನೂ ಮಾರಿತು. ಅಳತೆ ಒಂದೇ ಆದ್ದರಿಂದ ಒಂದು ಊರಿನ ಕಾರ್ಡು ಇನ್ನೊಂದು ಊರಿನ ಡ್ರಾಯರಿಗೂ ಸರಿಹೊಂದುತ್ತಿತ್ತು. 1890ರ ದಶಕದಲ್ಲಿ ಕಾರ್ಡಿನ ಜಾಗಕ್ಕೆ ದೊಡ್ಡ ಕಾಗದ ಬಂತು. ಕಡತವನ್ನು ಮಲಗಿಸುವ ಬದಲು ನಿಲ್ಲಿಸಿಡುವ ಡ್ರಾಯರು ಹುಟ್ಟಿತು. ಇವತ್ತು ತಾಲ್ಲೂಕು ಕಚೇರಿಯಲ್ಲಿ ಕಾಣುವ ನಾಲ್ಕು ಡ್ರಾಯರಿನ ಸ್ಟೀಲ್ ಕ್ಯಾಬಿನೆಟ್ ಅದರ ಮೊಮ್ಮಗ.

ಈ ಸಾಲಿನಲ್ಲಿ ನಮ್ಮ ದೇಶದ ಒಂದು ಹೆಸರು ಸಿಕ್ಕಿತು. ಶಿಯಾಳಿ ರಾಮಾಮೃತ ರಂಗನಾಥನ್. ಪ್ರತಿ ವರ್ಷ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುವುದು ಇವರ ಹೆಸರಿನಲ್ಲೇ. ಹಾರ ಹಾಕಿದ ಫೋಟೋ ನೋಡಿದ್ದೆ, ಅವರು ಏನು ಮಾಡಿದರೆಂದು ಕೇಳಿರಲಿಲ್ಲ.

ರಂಗನಾಥನ್ 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದರು. ಆರು ವರ್ಷಕ್ಕೇ ತಂದೆ ತೀರಿಕೊಂಡರು. ಮಾತಾಡುವಾಗ ತೊದಲು ಇತ್ತು. ಅದನ್ನು ಕಷ್ಟಪಟ್ಟು ಮೀರಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಎಂ.ಎ. ಮಾಡಿ, 1917ರಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಪಾಠ ಮಾಡುವುದೆಂದರೆ ಪ್ರಾಣ. ಆದರೆ ಸಂಬಳ ಸಾಲದು. ಮದ್ರಾಸ್ ವಿಶ್ವವಿದ್ಯಾಲಯ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ಗೆಳೆಯರ ಒತ್ತಾಯಕ್ಕೆ ಹಾಕಿದರು, ಕೆಲಸವೂ ಸಿಕ್ಕಿಬಿಟ್ಟಿತು. 1924ರ ಜನವರಿಯಲ್ಲಿ ಸೇರಿದ ಕೆಲವೇ ದಿನಕ್ಕೆ ಬೇಸರ ಹತ್ತಿತು. ಸುತ್ತ ಪುಸ್ತಕ, ಕೇಳುವವರಿಲ್ಲ. ತರಗತಿಗೇ ವಾಪಸ್ ಕಳಿಸಿ ಎಂದು ಮೇಲಿನವರ ಹತ್ತಿರ ಹೋಗಿ ಬೇಡಿಕೊಂಡರು. ಮೊದಲು ಲಂಡನ್‌ಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಸಮಾಧಾನ ಮಾಡಿ ಕಳಿಸಿದರು.

ಅಲ್ಲಿ ಅವರು ಹತ್ತಾರು ಗ್ರಂಥಾಲಯ ಸುತ್ತಿದರು. ಕೂಲಿಯವರು, ಹೆಂಗಸರು, ಮಕ್ಕಳು ತಾವೇ ರ‍್ಯಾಕಿನ ಮುಂದೆ ನಿಂತು ಪುಸ್ತಕ ತೆಗೆದು ನೋಡುವುದನ್ನು ಕಂಡರು. ಇಲ್ಲಿಯ ಗ್ರಂಥಾಲಯಗಳಲ್ಲಿ ಚೀಟಿ ಬರೆದುಕೊಟ್ಟು ಕೌಂಟರಿನ ಹೊರಗೆ ಕಾಯುವುದು ವಾಡಿಕೆ. ಈ ವ್ಯತ್ಯಾಸ ಅವರ ಮನಸ್ಸಿಗೆ ನಾಟಿತು. ವಾಪಸ್ ಬಂದ ಮೇಲೆ ಗಣಿತದ ತರಗತಿಯ ಮಾತೇ ಎತ್ತಲಿಲ್ಲ.

ಅದೇ ಲಂಡನ್ನಿನಲ್ಲಿ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಎನ್ನುವ ಆಟಿಕೆ ನೋಡಿದರು. ತೂತು ಕೊರೆದ ಲೋಹದ ಪಟ್ಟಿ, ಚಕ್ರ, ಕಡ್ಡಿ, ನಟ್ಟು ಬೋಲ್ಟು. ಅವೇ ತುಂಡುಗಳಿಂದ ಒಮ್ಮೆ ಸೇತುವೆ, ಇನ್ನೊಮ್ಮೆ ಕ್ರೇನು. ಇದನ್ನು ಓದಿದಾಗ ನನಗೆ ದೊಡ್ಡಪ್ಪನ ಲೇತ್ ಪಕ್ಕದ ಮಂಕರಿಗಳು ಕಣ್ಮುಂದೆ ಬಂದವು. ಅರಗಿನ ಬೊಂಬೆ ಮಾಡುವ ಅವರು ಚಕ್ರವನ್ನೇ ಒಂದು ಮಂಕರಿಗೆ, ಕಡ್ಡಿಯನ್ನೇ ಇನ್ನೊಂದಕ್ಕೆ, ತಲೆಯನ್ನೇ ಮತ್ತೊಂದಕ್ಕೆ ಹಾಕಿಡುತ್ತಾರೆ. ಅದೇ ಚಕ್ರ ರೈಲಿಗೂ ಆಗುತ್ತದೆ, ದಾರ ಕಟ್ಟಿ ಎಳೆಯುವ ಆನೆಗೂ ಆಗುತ್ತದೆ. ಕಾಲೇಜಿನಲ್ಲಿ ಮಾಡ್ಯುಲರ್ ಡಿಸೈನ್ ಎಂದು ಕಲಿಸುವುದು ಇದನ್ನೇ.

ರಂಗನಾಥನ್‌ಗೆ ಹೊಳೆದದ್ದೂ ಇದೇ. ಡ್ಯೂಯಿಯ ಪದ್ಧತಿ ಮೊದಲೇ ಖಾನೆ ಮಾಡಿಟ್ಟ ಬೀರುವಿನಂತೆ. ಹೊಸ ವಿಷಯ ಬಂದರೆ ಅದನ್ನು ಯಾವುದೋ ಖಾನೆಗೆ ತುರುಕಬೇಕು. ಖಾನೆ ಮಾಡುವ ಬದಲು ಬಿಡಿ ಭಾಗ ಕೊಟ್ಟು, ಬೇಕಾದಾಗ ಜೋಡಿಸಿಕೊಂಡರೆ ಆಗದೇ? ರೇಷ್ಮೆಹುಳು ಒಂದು ಭಾಗ, ರೋಗ ಒಂದು, ಚಿಕಿತ್ಸೆ ಒಂದು, ರಾಮನಗರ ಒಂದು, 1950ರ ದಶಕ ಒಂದು. ಎಲ್ಲವನ್ನೂ ಕೂಡಿಸಿದರೆ ಆ ಪುಸ್ತಕದ ವಿಳಾಸ ಸಿದ್ಧ. ಭಾಗಗಳ ನಡುವೆ ನಟ್ಟು ಬೋಲ್ಟಿನಂತೆ ಅವರು ಬಳಸಿದ್ದು ಕೋಲನ್ ಚಿಹ್ನೆ. 1925ರಲ್ಲಿ ಊರಿಗೆ ಮರಳುವಾಗ ಹಡಗಿನ ಪುಸ್ತಕಗಳನ್ನೇ ಆ ಕ್ರಮದಲ್ಲಿ ಜೋಡಿಸಿ ನೋಡಿದರಂತೆ. 1933ರಲ್ಲಿ ಅದು ಕೋಲನ್ ಕ್ಲಾಸಿಫಿಕೇಷನ್ ಎಂಬ ಗ್ರಂಥವಾಗಿ ಬಂತು.

ಅದಕ್ಕೂ ಎರಡು ವರ್ಷ ಮೊದಲು, 1931ರಲ್ಲಿ, ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದಿದ್ದರು. ಪುಸ್ತಕ ಇರುವುದು ಕಾಯುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಮೊದಲನೆಯದರ ತಿರುಳು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು ಕೊನೆಯದರದು. ನನಗೆ ಹಿಡಿಸಿದ್ದು, ಅವರು ಈ ಸೂತ್ರಗಳನ್ನು ಭಾಷಣಕ್ಕೆ ಬಿಡದೆ ಮರದ ಹಲಗೆಯವರೆಗೂ ತಂದದ್ದು. ಒಂದು ಕಾಲಕ್ಕೆ ಯುರೋಪಿನಲ್ಲಿ ಪುಸ್ತಕವನ್ನು ಸರಪಳಿಯಿಂದ ಕಪಾಟಿಗೆ ಕಟ್ಟುತ್ತಿದ್ದರು. ಇಂಗ್ಲೆಂಡಿನ ಹೆರಿಫೋರ್ಡ್ ಚರ್ಚಿನಲ್ಲಿ ಆ ಸರಪಳಿ ಈಗಲೂ ನೋಡಸಿಗುತ್ತದೆ. ಬೀಗ ಹಾಕಿದ ಬೀರು ಆ ಸರಪಳಿಯ ತಮ್ಮನೇ ತಾನೆ? ಪುಸ್ತಕ ಬಳಕೆಗೆ ಎಂದಾದರೆ ಬೀರುವಿಗೆ ಬಾಗಿಲು ಬೇಡ. ಏಣಿ ಇಲ್ಲದೆ, ನಿಂತಲ್ಲೇ ಕೈಗೆಟುಕುವಷ್ಟೇ ಎತ್ತರ ಇರಬೇಕು. ಗ್ರಂಥಾಲಯ ಬೆಳೆಯುತ್ತದೆ ಎಂದಾದರೆ ಗೋಡೆಗೆ ಹೂತ ಕಪಾಟು ಸಲ್ಲದು. ಒಂದೇ ಅಳತೆಯ ಬಿಡಿ ರ‍್ಯಾಕುಗಳಿರಬೇಕು, ಪುಸ್ತಕದ ಎತ್ತರಕ್ಕೆ ತಕ್ಕಂತೆ ಹಲಗೆ ಮೇಲೆ ಕೆಳಗೆ ಸರಿಯಬೇಕು, ಪುಸ್ತಕ ಹೆಚ್ಚಿದಂತೆ ಪಕ್ಕಕ್ಕೆ ಇನ್ನೊಂದು ರ‍್ಯಾಕು ಸೇರಬೇಕು. ಭಾರತೀಯ ಮಾನಕ ಸಂಸ್ಥೆಯಲ್ಲಿ ಇದಕ್ಕೆ ಸಂಬಂಧಿಸಿದ ಸಮಿತಿಗೆ ಹಲವು ವರ್ಷ ಅವರೇ ಅಧ್ಯಕ್ಷರು. ಗ್ರಂಥಾಲಯದ ಮರದ ಪೀಠೋಪಕರಣಗಳ ಅಳತೆ ಗೊತ್ತುಮಾಡಿದ ಐಎಸ್ 1829 ಮಾನಕ 1961ರಲ್ಲಿ ಹೊರಬಂತು.

ಬಾಗಿಲು ತೆಗೆದರೆ ಪುಸ್ತಕ ಕಳುವಾಗುವುದಿಲ್ಲವೇ ಎಂದು ಅವರನ್ನೂ ಕೇಳಿದವರಿದ್ದರು. ಒಂದಷ್ಟು ಹೋಗಬಹುದು, ಆದರೆ ಓದುವವರ ಸಂಖ್ಯೆ ಏರುವ ಲಾಭದ ಮುಂದೆ ಆ ನಷ್ಟ ಸಣ್ಣದು ಎಂಬುದು ಅವರ ಲೆಕ್ಕ. ಗಣಿತದ ಮೇಷ್ಟ್ರಲ್ಲವೇ?

ಎರಡು ದಶಕ ರಜೆಯನ್ನೇ ಹಾಕದೆ ದಿನಕ್ಕೆ 13 ಗಂಟೆ ದುಡಿದರು ಎನ್ನುತ್ತಾರೆ. ಆದರೆ ಹಟದ ಮನುಷ್ಯ. ಮೇಲಿನವರೊಂದಿಗೆ ಮನಸ್ತಾಪವಾಗಿ 1945ರಲ್ಲಿ ಮದ್ರಾಸ್ ಬಿಟ್ಟು ಬನಾರಸ್‌ಗೆ ಹೋದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಸ್ವತಃ ವರ್ಗೀಕರಿಸಿದರು. ಆಮೇಲೆ ದೆಹಲಿ, ಜ್ಯೂರಿಕ್. ಕೂಡಿಟ್ಟ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು, ತಮ್ಮ ಪತ್ನಿ ಶಾರದಾ ಹೆಸರಿನ ಪ್ರಾಧ್ಯಾಪಕ ಪೀಠಕ್ಕೆಂದು ಅದೇ ಮದ್ರಾಸ್ ವಿಶ್ವವಿದ್ಯಾಲಯಕ್ಕೇ ಕೊಟ್ಟರು.

1957ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. ನಮ್ಮ ರಾಜ್ಯ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದದ್ದರ ಹಿಂದೆಯೂ ಅವರ ಶ್ರಮವಿದೆ. ಮನೆ ಕಂದಾಯದ ಜತೆ ನಾವು ಕಟ್ಟುವ ಗ್ರಂಥಾಲಯ ಕರ ಆ ಕಾಯ್ದೆಯದೇ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಸೆಮಿನಾರ್ ಮುಗಿಯಿತು, ಅಂಕವೂ ಬಂತು. ಆದರೆ ಬ್ಯಾಗಿನಲ್ಲಿದ್ದ ಕೀ ಚುಚ್ಚತೊಡಗಿತು. ಒಂದು ಭಾನುವಾರ ಸಂಘದಲ್ಲಿ ವಿಷಯ ಎತ್ತಿದೆ. ಹೋದ ನಾಲ್ಕು ಪುಸ್ತಕ ನೀನು ತಂದುಕೊಡ್ತೀಯಾ ಎಂದು ಒಬ್ಬ ಅಣ್ಣ ರೇಗಿದರು. ಉತ್ತರ ಇರಲಿಲ್ಲ. ದೊಡ್ಡಪ್ಪನ ಹತ್ತಿರ ಹೋಗಿ, ಹಲಗೆ ಸರಿಸಬಹುದಾದ ಒಂದು ರ‍್ಯಾಕು ಆಗುತ್ತದಾ ಎಂದು ಕೇಳಿದೆ. ಅವರು ಎರಡು ನಿಲುವುಗಳಿಗೆ ಇಂಚಿಗೊಂದು ತೂತು ಕೊರೆದು, ಹಲಗೆ ಕೂರಲು ಲೇತ್‌ನಲ್ಲಿ ಮರದ ಗೂಟ ತಿರುಗಿಸಿಕೊಟ್ಟರು. ಗೂಟಗಳಿಗೆ ಕೆಂಪು ಅರಗು ಬೇರೆ! ನನ್ನ ಎದೆಯ ಎತ್ತರಕ್ಕೆ ನಿಂತ ಆ ರ‍್ಯಾಕಿಗೆ ಸದ್ಯಕ್ಕೆ 60 ಪುಸ್ತಕ ಬಂದಿವೆ. ಪಕ್ಕದಲ್ಲಿ ಹೆಸರು ಬರೆಯಲು ಒಂದು ನೋಟ್‌ಬುಕ್.

ಮೂರು ತಿಂಗಳಾಯಿತು. ಎರಡು ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ನೋಟ್‌ಬುಕ್ಕಿನಲ್ಲಿ 41 ಹೆಸರಿದೆ. ರೇಗಿದ ಅಣ್ಣನ ಹೆಸರೂ ಇದೆ, ಎರಡು ಸಲ.

ನಮ್ಮ ಬಸ್ಸು ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋಗುವಾಗ ಸಂಖ್ಯಾಶಾಸ್ತ್ರ ಸಂಸ್ಥೆಯ ಗೇಟು ಬರುತ್ತದೆ. ರಂಗನಾಥನ್ ಕಟ್ಟಿದ ಕೇಂದ್ರ ಈಗ ಅದರ ಒಳಗೇ ಇದೆ. ಎರಡು ವರ್ಷ ಅದರ ಮುಂದೆಯೇ ಕೀ ಹಿಡಿದು ಓಡಾಡಿದ್ದೆ. ಮಾಗಡಿ, ಕನಕಪುರ, ರಾಮನಗರದ ಗೆಳೆಯರೇ, ನಿಮ್ಮ ಸಂಘದಲ್ಲೂ ಅಂಥದ್ದೊಂದು ಬೀರು ಇರಬಹುದು. ಕೀ ಯಾರ ಹತ್ತಿರ ಇದೆ ಎಂದು ಈ ಭಾನುವಾರ ವಿಚಾರಿಸಿ ನೋಡಿ.