ಊರಿಗೆ ಊರೇ ಜಾಮೀನು ನಿಂತಾಗ

ಪುಣೆಯಲ್ಲಿ ನನ್ನದು ಸಾಲದ ಸಾಫ್ಟ್‌ವೇರ್ ಬರೆಯುವ ಕೆಲಸ. ಸಣ್ಣ ಬ್ಯಾಂಕುಗಳು, ಪತ್ತಿನ ಸಂಘಗಳು ಬಳಸುವ ಸಾಫ್ಟ್‌ವೇರ್ ಅದು. ಅರ್ಜಿ, ಕಂತು, ಬಡ್ಡಿ, ಜಾಮೀನು ಎಂಬ ನಾಲ್ಕು ಮಾತುಗಳ ನಡುವೆಯೇ ದಿನ ಕಳೆಯುತ್ತದೆ. ನನ್ನೂರು ಗದಗ ಕಡೆ. ಅಲ್ಲಿ ಬಿತ್ತನೆಗೆ ಮುಂಚೆ ಯಾವ ಮನೆಯ ಕಟ್ಟೆಯ ಮೇಲೆ ಕುಳಿತರೂ ಮಾತಿನ ನಡುವೆ ‘ಸೊಸೈಟಿ’ ಬಂದೇ ಬರುತ್ತದೆ. ಆ ಸೊಸೈಟಿಯ ಬೇರು ಹುಡುಕುತ್ತಾ ಹೋದರೆ ಜರ್ಮನಿಯ ಒಂದು ಬಡ ಗುಡ್ಡಗಾಡು ಸಿಗುತ್ತದೆ. ಅಲ್ಲಿ ಕಣ್ಣು ಮಂಜಾಗುತ್ತಿದ್ದ ಒಬ್ಬ ಸರ್ಕಾರಿ ಅಧಿಕಾರಿ ಸಿಗುತ್ತಾನೆ. ಹೆಸರು ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್.

ಆತ ಹುಟ್ಟಿದ್ದು 1818ರ ಮಾರ್ಚ್ 30ರಂದು, ವೆಸ್ಟರ್‌ವಾಲ್ಡ್ ಸೀಮೆಯ ಹಾಮ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳ ಮನೆ. ತಂದೆ ಕೆಲಕಾಲ ಊರಿನ ಮೇಯರ್ ಆಗಿದ್ದರೂ ಆ ಕೆಲಸ ಕೈತಪ್ಪಿ ಸಂಸಾರ ಕಷ್ಟಕ್ಕೆ ಬಿತ್ತು. ದೊಡ್ಡ ಶಾಲೆಗೆ ಕಳಿಸುವ ಶಕ್ತಿ ಮನೆಗಿರಲಿಲ್ಲ. ಊರಿನ ಪಾದ್ರಿಯೇ ಪಾಠ ಹೇಳಿದರು. ಹದಿನೇಳಕ್ಕೆ ಹುಡುಗ ಫಿರಂಗಿ ದಳ ಸೇರಿದ. ಕಣ್ಣಿನ ಬೇನೆ ಶುರುವಾಗಿ 1843ರಲ್ಲಿ ಸೈನ್ಯ ಬಿಡಬೇಕಾಯಿತು. ಅಲ್ಲಿಂದ ಕಂದಾಯ ಕಚೇರಿಗಳ ಗುಮಾಸ್ತಿಕೆಯಂಥ ಕೆಲಸ. 1845ರಲ್ಲಿ ವೈಯರ್‌ಬುಶ್ ಎಂಬ ಹಳ್ಳಿಗಳ ಗುಂಪಿಗೆ ಮೇಯರ್.

ಅಧಿಕಾರ ವಹಿಸಿಕೊಂಡ ಮರುವರ್ಷವೇ ಬೆಳೆ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ವೆಸ್ಟರ್‌ವಾಲ್ಡ್ ಹಸಿವಿನಿಂದ ಕಂಗಾಲಾಯಿತು. ಪ್ರಷ್ಯಾ ಸರ್ಕಾರ ಹಿಟ್ಟು ಕಳಿಸಿತು, ಆದರೆ ರೊಕ್ಕ ಕೊಟ್ಟವರಿಗೆ ಮಾತ್ರ ಕೊಡಬೇಕೆಂದು ಆಜ್ಞೆ ಮಾಡಿತು. ರೊಕ್ಕವಿದ್ದರೆ ಜನ ಹಸಿದಿರುತ್ತಲೇ ಇರಲಿಲ್ಲ. ರೈಫೈಸನ್ ಆ ಆಜ್ಞೆಯನ್ನು ಬದಿಗಿಟ್ಟ. ಉಳ್ಳವರಿಂದ ಹಣ ಕೂಡಿಸಿ ಒಂದು ರೊಟ್ಟಿ ಸಂಘ ಕಟ್ಟಿ, ಹಿಟ್ಟನ್ನು ಸಾಲವಾಗಿ ಹಂಚಿದ. ಊರಿಗೊಂದು ಸಾಮೂಹಿಕ ಒಲೆ ಕಟ್ಟಿಸಿ ಅಗ್ಗದ ಬೆಲೆಗೆ ರೊಟ್ಟಿ ಕೊಡಿಸಿದ. ಬಿತ್ತಲು ಆಲೂಗಡ್ಡೆ ಬೀಜವನ್ನೂ ಒದಗಿಸಿದ. ಜೊತೆಗೆ, ಗುಡ್ಡದ ಹಳ್ಳಿಗಳ ಮಾಲು ರೈನ್ ನದಿಯ ದಂಡೆಯ ಪೇಟೆ ಮುಟ್ಟಲೆಂದು ರಸ್ತೆ ಮಾಡಿಸುವುದರಲ್ಲಿ ತೊಡಗಿದ. ಹೊಟ್ಟೆಗೆ ಕೊಟ್ಟರಷ್ಟೇ ಸಾಲದು, ಬೆಳೆದದ್ದು ಮಾರಾಟವಾಗಬೇಕು ಎಂಬುದು ಆತನಿಗೆ ಆಗಲೇ ತಿಳಿದಿತ್ತು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗ. ಅಲ್ಲಿ ಹಸಿವಿಗಿಂತ ದೊಡ್ಡ ರೋಗ ಸಾಲವಾಗಿತ್ತು. ರೈತ ದನ ಕೊಳ್ಳಲು ವ್ಯಾಪಾರಿಯ ಬಳಿ ಹೋಗುತ್ತಿದ್ದ. ದನ ಕೊಟ್ಟಿಗೆಗೆ ಬಂದರೂ ಅದರ ಲಾಭ ವ್ಯಾಪಾರಿಗೆ. ಒಂದು ಕಂತು ತಪ್ಪಿದರೆ ದನವೂ ಹೋಯಿತು, ಮುಂದೆ ಹೊಲವೂ ಹೋಯಿತು. 1849ರಲ್ಲಿ ರೈಫೈಸನ್ ಸುಮಾರು ಅರವತ್ತು ಸ್ಥಿತಿವಂತರನ್ನು ಒಟ್ಟುಗೂಡಿಸಿದ. ಅವರೆಲ್ಲ ಜಂಟಿಯಾಗಿ ಜಾಮೀನು ನಿಂತು ಹಣ ತಂದರು. ಸಂಘವೇ ದನ ಕೊಂಡು ಬಡ ರೈತರಿಗೆ ಐದು ವರ್ಷದ ಕಂತಿನಲ್ಲಿ ಕೊಟ್ಟಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಅಂಥ ವ್ಯಾಪಾರಿಗಳಲ್ಲಿ ಯೆಹೂದಿಗಳೂ ಇದ್ದರು, ಆ ಸಮುದಾಯದ ಬಗ್ಗೆ ಆ ಕಾಲದ ಪೂರ್ವಗ್ರಹ ರೈಫೈಸನ್‌ನಲ್ಲೂ ಇತ್ತು. ಆತನ ಒಳ್ಳೆಯ ಕೆಲಸದ ಪಕ್ಕದಲ್ಲೇ ಈ ಕಲೆಯೂ ಇದೆ.

1852ರಲ್ಲಿ ನಾಯ್‌ವೀಡ್ ಪಕ್ಕದ ಹೆಡ್ಡೆಸ್‌ಡಾರ್ಫ್‌ಗೆ ಬಂದ ಮೇಲೆ 1854ರಲ್ಲಿ ಇನ್ನೂ ದೊಡ್ಡ ಸಂಘ ಕಟ್ಟಿದ. ದಿಕ್ಕಿಲ್ಲದ ಮಕ್ಕಳ ಪಾಲನೆ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕೆಲಸ, ದನ, ಸಾಲ ಎಲ್ಲವೂ ಅದರ ಕೆಲಸದ ಪಟ್ಟಿಯಲ್ಲಿದ್ದವು. ಆದರೆ ಕೊಡುವವರೇ ಒಂದು ಕಡೆ, ಪಡೆಯುವವರೇ ಒಂದು ಕಡೆ. ಕೆಲ ವರ್ಷಗಳಲ್ಲಿ ಶ್ರೀಮಂತರ ಉತ್ಸಾಹ ಇಳಿಯಿತು. ನಷ್ಟವಾದರೆ ಹೊಣೆ ಅವರದ್ದು, ಸಾಲ ಪಡೆದವನಿಗೆ ಸಂಘದಲ್ಲಿ ಸ್ಥಾನವೇ ಇರಲಿಲ್ಲ. 1864ರಲ್ಲಿ ರೈಫೈಸನ್ ಆ ಸಂಘವನ್ನು ಬಿಚ್ಚಿ ಹೊಸದಾಗಿ ಕಟ್ಟಿದ. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು, ಸದಸ್ಯನಾದವನು ಸಂಘದ ಒಟ್ಟು ಸಾಲಕ್ಕೆ ತನ್ನ ಆಸ್ತಿಯನ್ನೆಲ್ಲ ಒಡ್ಡಿ ಹೊಣೆಯಾಗಬೇಕು. ದಾನ ಸಹಕಾರವಾದದ್ದು ಆಗ.

ನನ್ನ ಕಸುಬಿನ ಕಣ್ಣಿನಿಂದ ನೋಡಿದರೆ ಈ ನಿಯಮದ ಜಾಣತನ ಅರ್ಥವಾಗುತ್ತದೆ. ಸಾಲ ತೀರಿಸುತ್ತಾನೋ ಇಲ್ಲವೋ ಎಂದು ಅಂದಾಜಿಸಲು ನಮ್ಮ ಸಾಫ್ಟ್‌ವೇರ್ ಹತ್ತಾರು ಮಾಹಿತಿ ಕೇಳುತ್ತದೆ. ರೈಫೈಸನ್‌ನ ಸಂಘಕ್ಕೆ ಅದರ ಅಗತ್ಯವಿರಲಿಲ್ಲ. ಸಂಘದ ವ್ಯಾಪ್ತಿ ಒಂದು ಚರ್ಚಿನ ಊರುಗಳಷ್ಟೇ. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ ಎಂದು ನೆರೆಯವರಿಗೆ ಗೊತ್ತು. ಒಬ್ಬ ಮುಳುಗಿದರೆ ತನ್ನ ಹೊಲಕ್ಕೂ ಕುತ್ತು ಎಂದಾದಾಗ ಕೊಟ್ಟ ಸಾಲ ಆಕಳಿಗೇ ಹೋಯಿತೇ ಎಂದು ನೋಡುವವರು ಊರ ತುಂಬ ಇರುತ್ತಾರೆ. ಒಂಟಿ ಬಡವನಿಗೆ ಪಟ್ಟಣದವರು ಸಾಲ ಕೊಡುತ್ತಿರಲಿಲ್ಲ. ಇಡೀ ಊರು ಒಂದಾಗಿ ಕೇಳಿದಾಗ ಕಡಿಮೆ ಬಡ್ಡಿಗೆ ಹಣ ಹುಟ್ಟಿತು. ಪದಾಧಿಕಾರಿಗಳಿಗೆ ಸಂಬಳವಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ. ಉಳಿದ ಲಾಭ ಹಂಚುವಂತಿಲ್ಲ, ಅದು ಸಂಘದ ನಿಧಿಗೆ.

ಇದೇ ಕಾಲಕ್ಕೆ ಪಟ್ಟಣದ ಕುಶಲಕರ್ಮಿಗಳಿಗಾಗಿ ಸಹಕಾರ ಬ್ಯಾಂಕು ಕಟ್ಟಿದ್ದ ಶುಲ್ಜ್ ಡೆಲಿಚ್‌ಗೆ ಈ ಪದ್ಧತಿ ಒಪ್ಪಿಗೆಯಾಗಲಿಲ್ಲ. ಷೇರು ಬಂಡವಾಳವಿಲ್ಲದೆ, ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿ ನಂಬಿ ವರ್ಷಗಟ್ಟಲೆ ಸಾಲ ಕೊಡುವುದು ಅಪಾಯ ಎಂಬುದು ಆತನ ವಾದ. ವಾದದಲ್ಲಿ ಹುರುಳಿತ್ತು. ಆದರೆ ಕರು ಬೆಳೆದು ಹಾಲು ಕೊಡಲು ಮೂರು ತಿಂಗಳು ಸಾಕಾಗುವುದಿಲ್ಲ. ರೈಫೈಸನ್ ರೈತನ ಕಾಲಮಾನವನ್ನು ಬಿಟ್ಟುಕೊಡಲಿಲ್ಲ. ಬದಲಿಗೆ ಒಂದು ಊರಿನ ಉಳಿತಾಯ ಇನ್ನೊಂದು ಊರಿನ ಕೊರತೆ ನೀಗಿಸಲೆಂದು 1872ರಲ್ಲಿ ನಾಯ್‌ವೀಡ್‌ನಲ್ಲಿ ಸಂಘಗಳಿಗೇ ಒಂದು ಬ್ಯಾಂಕು ಕಟ್ಟಿದ. ನಮ್ಮ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳ ಪೂರ್ವಜ ಅದು.

ಇಷ್ಟೆಲ್ಲ ಮಾಡುವಾಗ ಆತನ ಮನೆ ಸುಖವಾಗಿರಲಿಲ್ಲ. 1863ರಲ್ಲಿ ಹೆಂಡತಿ ಎಮಿಲಿ ತೀರಿಕೊಂಡಳು. 1865ರಲ್ಲಿ ಅನಾರೋಗ್ಯದಿಂದ ನೌಕರಿ ಬಿಡಬೇಕಾಯಿತು. ಪಿಂಚಣಿ ಸಾಲದೆ ಮೊದಲು ಸಿಗಾರ್ ಕಾರ್ಖಾನೆ, ಆಮೇಲೆ ವೈನ್ ವ್ಯಾಪಾರ ಮಾಡಿದ. ಕಣ್ಣು ಪೂರಾ ಸೋಲುತ್ತಿತ್ತು. ಆತ ಹೇಳುತ್ತಾ ಹೋದ, ಹಿರಿಯ ಮಗಳು ಅಮಾಲಿಯೆ ಬರೆಯುತ್ತಾ ಹೋದಳು. 1866ರಲ್ಲಿ ಬಂದ ಆತನ ಪುಸ್ತಕ ಸಂಘ ಕಟ್ಟುವ ಬಗೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. 1888ರ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನ ಇರುವಾಗ, ಆತ ತೀರಿಕೊಂಡ. ಅಷ್ಟರಲ್ಲಿ ನಾನೂರಕ್ಕೂ ಹೆಚ್ಚು ಸಂಘಗಳು ಎದ್ದಿದ್ದವು.

ಏಳು ವರ್ಷಗಳ ನಂತರ ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಕೃಷಿ ಬ್ಯಾಂಕುಗಳ ಕುರಿತ ವರದಿ ಕೊಡಲು ಆರಂಭಿಸಿದ. ಭಾರತದ ಹಳ್ಳಿಗಳಿಗೂ ಒಬ್ಬ ರೈಫೈಸನ್ ಬೇಕೆಂಬುದೇ ಅದರ ಸಾರ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಹೆಸರು ಅದಕ್ಕಿದೆ. ವೆಸ್ಟರ್‌ವಾಲ್ಡ್‌ನ ಬೀಜ ನಮ್ಮ ಎರೆಭೂಮಿಗೆ ಬಿದ್ದದ್ದು ಹೀಗೆ.

ಇಂದಿನ ಸಂಘಗಳಲ್ಲಿ ಬಹುತೇಕ ಆ ಹಳೆಯ ಪೂರ್ಣ ಹೊಣೆಗಾರಿಕೆ ಇಲ್ಲ. ಹಣವೂ ಹೆಚ್ಚಾಗಿ ಮೇಲಿನಿಂದ ಬರುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಚೊಕ್ಕವಾಗುತ್ತದೆ, ಒಳ್ಳೆಯದೇ. ಆದರೆ ಆ ಲೆಕ್ಕ ನೋಡಿ ಪ್ರಶ್ನೆ ಕೇಳುವ ಸದಸ್ಯನನ್ನು ಯಾವ ಸಾಫ್ಟ್‌ವೇರೂ ತಂದುಕೊಡದು. ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿರುವ ನಮ್ಮಲ್ಲಿ ಅನೇಕರ ಮನೆಯಲ್ಲಿ ಅಪ್ಪನ ಹೆಸರಿನ ಒಂದು ಷೇರು ಊರಿನ ಸೊಸೈಟಿಯಲ್ಲಿದೆ. ಸೆಪ್ಟೆಂಬರ್ ಹೊತ್ತಿಗೆ ವಾರ್ಷಿಕ ಮಹಾಸಭೆಯ ನೋಟಿಸು, ಜೊತೆಗೆ ಅಢಾವೆ ಪತ್ರಿಕೆ ಮನೆಗೆ ಬರುತ್ತವೆ. ಈಗೀಗ ನಾನು ಅದರ ಫೋಟೊ ತರಿಸಿಕೊಂಡು ಓದಿ, ಕೇಳಬೇಕಾದ ಎರಡು ಮೂರು ಪ್ರಶ್ನೆಗಳನ್ನು ಅಪ್ಪನಿಗೆ ಫೋನಿನಲ್ಲಿ ಹೇಳುತ್ತೇನೆ. ನೀವೂ ಒಮ್ಮೆ ತರಿಸಿಕೊಂಡು ನೋಡಿ. ಬಾಕಿದಾರರ ಪಟ್ಟಿಯಿಂದ ಓದಲು ಶುರುಮಾಡಿದರೆ ಸಂಘದ ಸ್ಥಿತಿ ಬೇಗ ತಿಳಿಯುತ್ತದೆ.