ಫ್ರಾಂಕ್ಲಿನ್ನನ ಕಿರುಪುಸ್ತಕ

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು ಕೇಳಿದೊಡನೆ ವಿದ್ಯಾವಂತರಿಗೆ ಸಿಡಿಲಿನ ವಿದ್ಯುತ್ತನ್ನು ಶೋಧಿಸಿದ ವಿಜ್ಞಾನಿಯೋ, ಫ್ರಾನ್ಸಿನ ನೆರವನ್ನು ದೊರಕಿಸಿ ತನ್ನ ದೇಶದ ಸ್ವಾತಂತ್ರ್ಯಕ್ಕೆ ದುಡಿದ ರಾಜನೀತಿಜ್ಞನೋ ನೆನಪಾಗುವನು. ಅವನ ಸಂಗಡ ಸದಾ ಇರುತ್ತಿದ್ದ ಒಂದು ಕಿರುಪುಸ್ತಕವನ್ನು ಬಲ್ಲವರು ಕಡಮೆ.

ಅವನು 1706ರಲ್ಲಿ ಬಾಸ್ಟನ್ ಪಟ್ಟಣದಲ್ಲಿ, ಮೋಂಬತ್ತಿ ಸಾಬೂನು ಮಾಡಿ ಜೀವಿಸುತ್ತಿದ್ದವನ 17 ಮಕ್ಕಳಲ್ಲಿ 15ನೆಯವನಾಗಿ ಹುಟ್ಟಿದನು. ಶಾಲೆಯ ಭಾಗ್ಯ ಎರಡೇ ವರ್ಷ. 12ನೆಯ ವಯಸ್ಸಿಗೆ ಅಣ್ಣನ ಅಚ್ಚುಕೂಟವನ್ನು ಸೇರಿದನು. ಅಲ್ಲಿ ಮಾಂಸಾಹಾರವನ್ನು ಬಿಟ್ಟು, ಊಟದ ಹಣದಲ್ಲಿ ಅರ್ಧವನ್ನುಳಿಸಿ ಪುಸ್ತಕ ಕೊಂಡನು. ಉತ್ತಮ ಪ್ರಬಂಧವೊಂದನ್ನೋದಿ, ವಾಕ್ಯವಾಕ್ಯದ ಭಾವವನ್ನು ಟಿಪ್ಪಣಿ ಮಾಡಿ, ಕೆಲವು ದಿನ ಬಿಟ್ಟು ತನ್ನ ಮಾತಿನಲ್ಲಿ ಪುನಃ ಬರೆದು, ಮೂಲದೊಡನೆ ಹೋಲಿಸಿ ತಪ್ಪು ತಿದ್ದಿಕೊಳ್ಳುವನು. ಇದಕ್ಕೆ ಹೊತ್ತು ಸಿಗುತ್ತಿದ್ದುದು ರಾತ್ರಿ, ಕೆಲಸಕ್ಕೆ ಮುಂಚಿನ ಬೆಳಗು, ಭಾನುವಾರ. ಪತ್ರಿಕೆಗೆ ಬರೆಯಬೇಕೆನ್ನುವ ತರುಣರಿಗೆ ಇದಕ್ಕಿಂತ ಮೇಲಾದ ಪಾಠವನ್ನು ನಾವರಿಯೆವು.

1723ರಲ್ಲಿ ಅವನು ಓಡಿಹೋಗಿ ಫಿಲಡೆಲ್ಫಿಯ ಸೇರಿದನು. 1728ರಲ್ಲಿ ಪಾಲುಗಾರನೊಬ್ಬನ ಸಂಗಡ ಅಚ್ಚುಕೂಟ ತೆರೆದು, ಮರುವರ್ಷ ಪೆನ್ಸಿಲ್ವೇನಿಯ ಗೆಜೆಟ್ ಪತ್ರಿಕೆಯನ್ನು ಕೊಂಡನು. ಸಾಲ ತಲೆಗೇರಿದಾಗ ಇಬ್ಬರು ಸ್ನೇಹಿತರ ಹಣ ಅವನನ್ನುಳಿಸಿತು. ಕೊಂಡ ಕಾಗದವನ್ನು ಒಂಟಿಗಾಲಿಯ ಕೈಬಂಡಿಯಲ್ಲಿ ತಾನೇ ಬೀದಿಯಲ್ಲಿ ತಳ್ಳಿಕೊಂಡು ಬರುವನು. ದುಡಿದರೆ ಸಾಲದು, ದುಡಿಯುವುದನ್ನು ಸಾಲಕೊಟ್ಟವರು ಕಾಣಲೂ ಬೇಕೆಂಬ ವ್ಯವಹಾರಜ್ಞಾನ ಅವನಿಗಿದ್ದಿತು.

ಕಿರುಪುಸ್ತಕವು ಈ ಕಾಲದ್ದು. ಮಿತಾಹಾರ, ಮೌನ, ವ್ಯವಸ್ಥೆ, ಉದ್ಯೋಗಶೀಲತೆ, ನ್ಯಾಯ ಮೊದಲಾದ 12 ಗುಣಗಳನ್ನು ಆರಿಸಿದನು. ನಿನಗೆ ಗರ್ವವುಂಟೆಂದು ಮಿತ್ರನೊಬ್ಬನು ಹೇಳಲು ವಿನಯವು 13ನೆಯದಾಯಿತು. ಗುಣಕ್ಕೊಂದು ಪುಟ; ವಾರದ ಏಳು ದಿನಗಳಿಗೆ ಕೆಂಪುಶಾಯಿಯ ಗೆರೆ; ರಾತ್ರಿ ಲೆಕ್ಕ ನೋಡಿ ತಪ್ಪಿದಲ್ಲೆಲ್ಲ ಒಂದು ಕರಿಯ ಚುಕ್ಕೆ. ಎಲ್ಲವನ್ನೂ ಒಮ್ಮೆಗೇ ಸಾಧಿಸಹೊರಡದೆ ವಾರಕ್ಕೊಂದೇ ಗುಣದ ಮೇಲೆ ಮುಖ್ಯ ಗಮನವಿಡುವನು; 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಬೆಳಗ್ಗೆ 5 ಗಂಟೆಗೆದ್ದು ಆ ದಿನ ಮಾಡತಕ್ಕ ಒಳಿತೇನೆಂದೂ, ಮಲಗುವ ಮುನ್ನ ಮಾಡಿದುದೇನೆಂದೂ ತನ್ನನ್ನೇ ಕೇಳಿಕೊಳ್ಳುವುದು ಅವನ ದಿನಚರಿ.

ಚುಕ್ಕೆಗಳನ್ನು ಅಳಿಸಿ ಅಳಿಸಿ ಕಾಗದ ತೂತುಬಿದ್ದಿತು. ದಂತದ ಹಲಗೆಗಳಿಗೆ ಪಟ್ಟಿಯನ್ನಿಳಿಸಿದನು. ವ್ಯವಸ್ಥೆಯೊಂದು ಮಾತ್ರ ಕಡೆಯವರೆಗೂ ಕೈಗೂಡಲಿಲ್ಲ. ವಸ್ತುಗಳನ್ನು ಅವುಗಳ ಸ್ಥಾನದಲ್ಲಿಡುವ ಶಕ್ತಿ ತನಗಿಲ್ಲವೆಂದು ಮುದುಕನಾದಮೇಲೆ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿರುವನು. ನಮ್ಮ ಕಚೇರಿಗಳ ಮೇಜುಗಳನ್ನು ಕಂಡವರಿಗೆ ಇದು ಸಮಾಧಾನದ ಸುದ್ದಿಯೇ ಸರಿ.

ಇದಕ್ಕಿಂತ ಭಾರವಾದ ದೋಷವೊಂದಿತ್ತು. ನ್ಯಾಯಕ್ಕೆ ಪುಟವಿಟ್ಟಿದ್ದವನು ಮನೆಯಲ್ಲಿ ಗುಲಾಮರನ್ನಿಟ್ಟುಕೊಂಡಿದ್ದನು. ಗುಲಾಮರ ಮಾರಾಟದ ಜಾಹೀರಾತುಗಳು ಅವನ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದುವು. ದಿನದಿನದ ಲೆಕ್ಕವು, ದೋಷವೆಂದು ನಾವು ಬಗೆದುದನ್ನು ಮಾತ್ರ ತೋರಿಸಬಲ್ಲುದು; ಊರೆಲ್ಲ ಸಹಜವೆಂದು ನಡೆಸುವ ಅನ್ಯಾಯವು ಅದರಲ್ಲಿ ಬೀಳುವುದು ಅಪರೂಪ. ಆದರೆ ಲೆಕ್ಕ ನೋಡುವ ಅಭ್ಯಾಸ ಬಿಡದವನಿಗೆ ತಡವಾಗಿಯಾದರೂ ಕಣ್ತೆರೆಯಿತು. 1787ರಲ್ಲಿ ಪೆನ್ಸಿಲ್ವೇನಿಯದ ಗುಲಾಮಗಿರಿ ನಿವಾರಣ ಸಂಘಕ್ಕೆ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ, 84ನೆಯ ವಯಸ್ಸಿನಲ್ಲಿ, ಆ ಅನಿಷ್ಟವನ್ನು ತೊಲಗಿಸಬೇಕೆಂಬ ಮನವಿಗೆ ಸಹಿಮಾಡಿ ಕಾಂಗ್ರೆಸಿಗೆ ಕಳುಹಿಸಿದನು. ಕಾಂಗ್ರೆಸು ಅದನ್ನು ನಡೆಸಿಕೊಡಲಿಲ್ಲ. ಏಪ್ರಿಲ್ 17ರಂದು ಅವನು ತೀರಿಕೊಂಡನು.

ಸ್ನೇಹಿತರ ಆ ಹಳೆಯ ಸಾಲವನ್ನು ಅವನು ಮರೆತಿರಲಿಲ್ಲ. ಬಾಸ್ಟನ್, ಫಿಲಡೆಲ್ಫಿಯಗಳಿಗೆ ತಲಾ 1,000 ಪೌಂಡು ಬಿಟ್ಟು, ಹೊಸದಾಗಿ ಕಸುಬು ಹೂಡುವ ತರುಣರಿಗೆ ನೂರಕ್ಕೆ 5ರ ಬಡ್ಡಿಯಂತೆ ಸಾಲಕೊಡುತ್ತ 200 ವರ್ಷ ನಡೆಸಬೇಕೆಂದು ಉಯಿಲಿನಲ್ಲಿ ಬರೆದಿದ್ದನು. ಅವಧಿ ತೀರಿದ್ದು 1990ರಲ್ಲಿ. ಆ ಹೊತ್ತಿಗೆ ಎರಡು ನಿಧಿಗಳೂ ಲಕ್ಷಗಟ್ಟಲೆ ಡಾಲರುಗಳಿಗೆ ಬೆಳೆದಿದ್ದುವು.