ಪಂಚಾಕ್ಷರಿ ಗವಾಯಿಗಳು

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಊರಿದೆ. ಅಲ್ಲಿ 1892ರಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ ಗದಿಗೆಯ್ಯನೆಂಬ ಮಗನು ಹುಟ್ಟಿದನು. ಅವನು ಹುಟ್ಟುಕುರುಡ. ಅಣ್ಣ ಗುರುಬಸವಯ್ಯನಿಗೂ ದೃಷ್ಟಿಯಿರಲಿಲ್ಲ. ಬಡವರ ಮನೆಯ ಅಂಧ ಬಾಲಕನಿಗೆ ಭಿಕ್ಷೆಯೊಂದೇ ಗತಿಯೆಂದು ಜನರು ತಿಳಿದಿದ್ದ ಕಾಲವದು. ಆದರೆ ಹಾನಗಲ್ಲ ಕುಮಾರಸ್ವಾಮಿಗಳು ಈ ಸೋದರರ ಕಂಠಮಾಧುರ್ಯಕ್ಕೆ ಮನಸೋತು, ಅವರ ಸಂಗೀತ ಶಿಕ್ಷಣದ ಹೊಣೆ ಹೊತ್ತರು.

ಗದಿಗೆಯ್ಯನು ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಸಿಸಿದನು. ಚಿಕ್ಕೋಡಿ, ರಾಯಬಾಗ, ಅಥಣಿಯ ಸೀಮೆಗೆ ತಂಬೂರಿ, ಸಿತಾರುಗಳ ಊರೆಂದು ಪರಿಚಿತವಾದ ಮಿರಜವು ಕಾಗವಾಡಕ್ಕೆ ಸಮೀಪದಲ್ಲಿಯೇ ಇದೆ. ಆ ಮಿರಜದ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವೂ ಅವನಿಗೆ ಲಭಿಸಿತು. ಎರಡೂ ಪದ್ಧತಿಗಳಲ್ಲಿ ಪಾರಂಗತನಾದ ಅವನನ್ನು ನಾಡು ಪಂಚಾಕ್ಷರಿ ಗವಾಯಿಗಳೆಂದು ಗೌರವಿಸಿತು.

ಇಷ್ಟು ಕೀರ್ತಿ ಬಂದ ಮೇಲೆ ಗವಾಯಿಗಳು ಸುಖವಾಗಿ ಬಾಳಬಹುದಾಗಿತ್ತು. ಅವರು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸಿದರು. ಆ ಪಾಠಶಾಲೆಗೆ ಸ್ವಂತ ಸೂರಿರಲಿಲ್ಲ. ಭಕ್ತರು ಕೊಟ್ಟ ಕಾಳುಕಡಿಯೇ ಅದರ ಭಂಡಾರ. ಶುಲ್ಕವಿಲ್ಲ, ಜಾತಿಭೇದವಿಲ್ಲ. ಪುಸ್ತಕದ ಹಂಗಿಲ್ಲದೆ, ಗುರುವಿನ ಸ್ವರವನ್ನು ಕಿವಿಯಿಂದ ಗ್ರಹಿಸಿ ಕಂಠಗತ ಮಾಡಿಕೊಳ್ಳುವ ವಿದ್ಯೆ ಸಂಗೀತ. ಅಂಧರಿಗೆ ಅದಕ್ಕಿಂತ ಒಪ್ಪುವ ಕಸುಬು ಆಗ ಯಾವುದಿತ್ತು? ಕೀರ್ತನೆ, ಪುರಾಣ, ನಾಟಕಗಳಿಗೆ ಹಾರ್ಮೋನಿಯಂ, ತಬಲಾ ನುಡಿಸುವವರು ಎಲ್ಲೆಡೆಯೂ ಬೇಕಾಗಿದ್ದರು. ಕಲಿತವನು ಯಾವ ಊರಿನಲ್ಲಿಯಾದರೂ ತಲೆಯೆತ್ತಿ ಅನ್ನ ಸಂಪಾದಿಸಬಲ್ಲವನಾಗಿದ್ದನು. ಗವಾಯಿಗಳು ನಾಟಕ ಮಂಡಳಿಯನ್ನೂ ಕಟ್ಟಿದರು. ಆದರೂ ನಾಳಿನ ಊಟದ ಚಿಂತೆ ಅವರನ್ನು ಬಿಡಲಿಲ್ಲ.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದಾಗ ದೊಡ್ಡ ಆಸರೆ ತಪ್ಪಿತು. ಶಿಷ್ಯರನ್ನು ಮಾತ್ರ ಅವರು ಕೈಬಿಡಲಿಲ್ಲ. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದ ಗಾಯಕರು ಗವಾಯಿಗಳ ಶಿಷ್ಯರೇ.

1944ರಲ್ಲಿ ಗವಾಯಿಗಳು ತೀರಿಕೊಂಡರು. ಅಂಗವಿಕಲರ ಉದ್ಯೋಗ ಮೊದಲಾದ ಹಕ್ಕುಗಳಿಗೆ ದೇಶದಲ್ಲಿ ಸಮಗ್ರ ಕಾನೂನು ಬಂದುದು 1995ರಲ್ಲಿ, ಎಂದರೆ ಅರ್ಧ ಶತಮಾನದ ತರುವಾಯ! ಆಶ್ರಮದ ಭಾರವನ್ನು ಶಿಷ್ಯರಾದ ಪುಟ್ಟರಾಜ ಗವಾಯಿಗಳು ಹೊತ್ತರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅವರು 2010ರಲ್ಲಿ ಕೊನೆಯುಸಿರೆಳೆಯುವವರೆಗೆ, ಅರವತ್ತಾರು ವರ್ಷ, ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದರು.